ವ್ಯವಹಾರ ವಿಶ್ಲೇಷಣೆಯ ವ್ಯಾಸಂಗವೂ ನಮ್ಮ ಹೆಣ್ಣುಮಕ್ಕಳೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ದಿನವೇ "ಮುಂದೇನು?" ಎಂಬ ಪ್ರಶ್ನೆಯು ಮನೆಮನೆಯಲ್ಲಿಯೂ ಹುಟ್ಟುತ್ತದೆ. ಹಿಂದಿನ ತಲೆಮಾರಿನಲ್ಲಿ ಹೆಣ್ಣುಮಕ್ಕಳ ವಿಷಯವಾಗಿ ಇದಕ್ಕೆ ಉತ್ತರಗಳು ಕೆಲವೇ ಇದ್ದುವು: ಉಪಾಧ್ಯಾಯಿನಿಯಾಗಬಹುದು, ದಾದಿಯಾಗಬಹುದು, ಬೆರಳಚ್ಚನ್ನು ಕಲಿತು ಕಚೇರಿಯನ್ನು ಸೇರಬಹುದು. ಈಗಲಾದರೋ ಉತ್ತರಗಳು ಅನೇಕವಾಗಿ, ಅವುಗಳ ಹೆಸರುಗಳೇ ತಂದೆತಾಯಿಗಳಿಗೆ ಅರ್ಥವಾಗದಂತಿವೆ. ಅಂತಹವುಗಳಲ್ಲಿ ಬಿಸಿನೆಸ್ ಅನಲಿಟಿಕ್ಸ್, ಎಂದರೆ ವ್ಯವಹಾರ ವಿಶ್ಲೇಷಣೆ, ಎಂಬುದೂ ಒಂದು. ಇದು ನಿಜವಾದ ವಿದ್ಯೆಯೋ ಅಥವಾ ಹಳೆಯ ವಾಣಿಜ್ಯಶಾಸ್ತ್ರಕ್ಕೆ ಇಟ್ಟ ಹೊಸ ಹೆಸರೋ? ಇದಕ್ಕಾಗಿ ಮಗಳನ್ನು ಶಿವಮೊಗ್ಗೆಯಿಂದಲೋ ಭದ್ರಾವತಿಯಿಂದಲೋ ಬೆಂಗಳೂರಿಗೆ ಕಳುಹಿಸುವುದು ಉಚಿತವೇ? ಅಷ್ಟು ಹಣವನ್ನು ವೆಚ್ಚ ಮಾಡಿದುದಕ್ಕೆ ತಕ್ಕ ಫಲವುಂಟೇ? ಪೋಷಕರು ಕೇಳುವ ಈ ಪ್ರಶ್ನೆಗಳಿಗೆ ನಮಗೆ ತಿಳಿದಮಟ್ಟಿಗೆ ಇಲ್ಲಿ ಸಮಾಧಾನ ಹೇಳುವೆವು.

ವ್ಯಾಪಾರ ಮಾಡುವವರೆಲ್ಲರೂ ಲೆಕ್ಕವನ್ನು ಇಡುತ್ತಾರೆ. ಆದರೆ ಲೆಕ್ಕವನ್ನು ಇಡುವುದು ಬೇರೆ, ಆ ಲೆಕ್ಕವು ಏನನ್ನು ಹೇಳುತ್ತದೆಂಬುದನ್ನು ಓದುವುದು ಬೇರೆ. ಈ ಎರಡನೆಯ ಕೆಲಸವೇ ವಿಶ್ಲೇಷಣೆ. ಅದು ಕ್ರಮವಾಗಿ ನಾಲ್ಕು ಪ್ರಶ್ನೆಗಳನ್ನು ಕೇಳುತ್ತದೆ: ಏನಾಯಿತು? ಏಕೆ ಹಾಗಾಯಿತು? ಮುಂದೆ ಏನಾದೀತು? ಆದಕಾರಣ ನಾವು ಏನು ಮಾಡತಕ್ಕದ್ದು? ಮೊದಲನೆಯ ಪ್ರಶ್ನೆಗೆ ಒಳ್ಳೆಯ ಗುಮಾಸ್ತನೊಬ್ಬನು ಉತ್ತರ ಕೊಡಬಲ್ಲನು. ಮಿಕ್ಕ ಮೂರಕ್ಕೆ ಗಣಿತವೂ ಸಂಖ್ಯಾಶಾಸ್ತ್ರವೂ ವ್ಯವಹಾರದ ತಿಳಿವಳಿಕೆಯೂ ಕೂಡಿ ಬರಬೇಕು.

ನಮ್ಮ ಊರಿನ ಅಡಿಕೆ ಮಾರುಕಟ್ಟೆಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬುದಾಗಿ ಅಡಿಕೆಯನ್ನು ವಿಂಗಡಿಸಿ ಮಾರುವುದು ಎಲ್ಲರಿಗೂ ತಿಳಿದದ್ದೇ. ಒಂದು ದಿನ ಐವರು ಬೆಳೆಗಾರರು ಕ್ವಿಂಟಾಲೊಂದಕ್ಕೆ ಕ್ರಮವಾಗಿ 46, 47, 48, 49 ಮತ್ತು 85 ಸಾವಿರ ರೂಪಾಯಿಗಳಂತೆ ಮಾರಿದರೆಂದು ಭಾವಿಸೋಣ. ಸರಾಸರಿಯನ್ನು ತೆಗೆದರೆ 55 ಸಾವಿರವಾಗುತ್ತದೆ. "ಇಂದು ಅಡಿಕೆಗೆ 55 ಸಾವಿರ" ಎಂದು ಯಾರಾದರೂ ಸಾರಿದರೆ ಅವರು ಸುಳ್ಳನ್ನು ಹೇಳಿದಂತಾಗಲಿಲ್ಲ. ಆದರೂ ಐವರಲ್ಲಿ ನಾಲ್ವರಿಗೆ 50 ಸಾವಿರವೂ ದೊರೆತಿಲ್ಲ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟು ನಡುವಿನದನ್ನು ನೋಡಿದರೆ 48 ಸಾವಿರವೆಂದು ತಿಳಿಯುತ್ತದೆ. ಇದಕ್ಕೆ ಮಧ್ಯಾಂಕವೆಂದು ಹೆಸರು. 85 ಸಾವಿರ ಪಡೆದಾತನು ತಂದದ್ದು ಸರಕು, ಉಳಿದವರು ತಂದದ್ದು ರಾಶಿ ಎಂದು ವಿಚಾರಿಸಿ ತಿಳಿಯುವ ವೇಳೆಗೆ ವಿಷಯವೆಲ್ಲ ಸ್ಪಷ್ಟವಾಗುತ್ತದೆ. ಬೇರೆ ಬೇರೆ ಜಾತಿಯ ವಸ್ತುಗಳನ್ನು ಒಂದೇ ರಾಶಿಯಲ್ಲಿ ಸೇರಿಸಿ ಸರಾಸರಿ ತೆಗೆಯಬಾರದೆಂಬುದು ಈ ವಿದ್ಯೆಯ ಮೊದಲನೆಯ ಪಾಠ.

ಎರಡನೆಯ ಪಾಠವೂ ಅಷ್ಟೇ ಮುಖ್ಯವಾದುದು. ಆಷಾಢ ಮಾಸದಲ್ಲಿ ಶಿವಮೊಗ್ಗೆಯ ಅಂಗಡಿಗಳಲ್ಲಿ ಕೊಡೆಗಳ ಮಾರಾಟವು ಹೆಚ್ಚುತ್ತದೆ. ಅದೇ ಕಾಲದಲ್ಲಿ ತುಂಗೆಯೂ ತುಂಬಿ ಹರಿಯುತ್ತಾಳೆ. ಇವೆರಡನ್ನೂ ಪಕ್ಕಪಕ್ಕದಲ್ಲಿ ಬರೆದರೆ ಒಂದು ಏರಿದಂತೆ ಇನ್ನೊಂದೂ ಏರುವುದು ಕಾಣುತ್ತದೆ. ಆದರೆ ಕೊಡೆಯನ್ನು ಮಾರಿದುದರಿಂದ ಹೊಳೆಯು ತುಂಬಿತೆಂದು ಯಾರೂ ಹೇಳರು. ಎರಡಕ್ಕೂ ಕಾರಣವು ಮಳೆ. ವ್ಯವಹಾರದಲ್ಲಿ ಮಳೆಯಂತಹ ಕಾರಣವು ಕಣ್ಣಿಗೆ ಕಾಣುವಂತೆ ಇರುವುದಿಲ್ಲವಾದಕಾರಣ ದೊಡ್ಡ ದೊಡ್ಡ ಸಂಸ್ಥೆಗಳೂ ಇಂತಹ ಭ್ರಮೆಗೆ ಒಳಗಾಗುವುದುಂಟು. ಜೊತೆಯಲ್ಲಿ ಬಂದುದನ್ನೆಲ್ಲ ಕಾರಣವೆಂದು ನಂಬದಿರುವುದನ್ನು ವಿದ್ಯಾರ್ಥಿನಿಯು ಇಲ್ಲಿ ಅಭ್ಯಾಸ ಮಾಡುತ್ತಾಳೆ.

ಲೆಕ್ಕವನ್ನು ಓದುವುದರ ಬೆಲೆ ಏನೆಂಬುದನ್ನು ಭದ್ರಾವತಿಯವರಿಗೆ ನಾವು ಹೇಳಬೇಕಾದುದಿಲ್ಲ. 1923ರಲ್ಲಿ ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆಯು ಕಬ್ಬಿಣವನ್ನು ತೆಗೆಯತೊಡಗಿದಾಗ, ಯುದ್ಧಕಾಲದ ಬೆಲೆಗಳು ಇಳಿದುಹೋಗಿ ಅದು ನಷ್ಟಕ್ಕೆ ಗುರಿಯಾಗಿತ್ತು. ಅದೇ ವರ್ಷ ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ವೆಚ್ಚಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ದುಂದನ್ನು ತಗ್ಗಿಸಿ, ನಮ್ಮ ದೇಶದವರನ್ನೇ ತರಬೇತಿ ಮಾಡಿ, 1929ರವರೆಗೆ ದುಡಿದು ಅದನ್ನು ನೆಲೆಗೆ ತಂದರು. ಹಾಗೆಂದು ಅಂಕೆಗಳು ಎಲ್ಲವನ್ನೂ ಉಳಿಸಬಲ್ಲುವೆಂದು ಭಾವಿಸಬಾರದು. ಕಾಗದದ ಕಾರ್ಖಾನೆಯು 2015ರಲ್ಲಿ ನಿಂತುಹೋಯಿತು. ಸ್ವಂತ ಅದಿರಿನ ಗಣಿಯಿಲ್ಲದೆ ಬಳಲಿದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಪ್ರಕಟವಾಗಿ, ಆ ವರ್ಷದ ಆಗಸ್ಟಿನಲ್ಲಿ ಅದರ ಕೆಲವು ಭಾಗವು ಮಾತ್ರ ಪುನಃ ನಡೆಯತೊಡಗಿತು. ತಂದೆಯ ಕಾರ್ಖಾನೆಯಲ್ಲಿ ಮಗನಿಗೂ ಕೆಲಸವುಂಟು, ಮಗಳಿಗೆ ಮದುವೆಯುಂಟು ಎಂದು ನೆಮ್ಮದಿಯಾಗಿದ್ದ ಮನೆಗಳಲ್ಲಿ ಈಗ ಮಗಳ ವಿದ್ಯೆಯೇ ಮನೆಯ ಆಧಾರವಾಗಬೇಕಾದ ಕಾಲವು ಬಂದಿದೆ. ಆದುದರಿಂದ ಆ ವಿದ್ಯೆಯನ್ನು ಹೆಸರಿನ ಸೊಗಸಿನಿಂದಲ್ಲದೆ ಸತ್ತ್ವದಿಂದ ಆರಿಸಬೇಕು.

ಸಂಖ್ಯಾಶಾಸ್ತ್ರವು ಹೆಂಗಸರಿಗೆ ಒಗ್ಗದೆಂಬ ಮಾತು ಕೆಲವರ ಬಾಯಲ್ಲಿ ಇನ್ನೂ ಉಳಿದಿದೆ. ದೀಪಧಾರಿಣಿಯೆಂದು ನಾವೆಲ್ಲರೂ ಪಾಠದಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲರು ದೀಪವನ್ನು ಹಿಡಿದದ್ದು ಮಾತ್ರವಲ್ಲ, ಲೆಕ್ಕವನ್ನೂ ಹಿಡಿದಿದ್ದರು. ಕ್ರಿಮಿಯದ ಯುದ್ಧದಲ್ಲಿ ಗಾಯಗಳಿಂದ ಸತ್ತ ಸೈನಿಕರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹಳ ಹೆಚ್ಚೆಂಬುದನ್ನು ಅವರು 1858ರಲ್ಲಿ ಬಣ್ಣದ ಚಿತ್ರಗಳ ಮೂಲಕ ತೋರಿಸಿದರು. ಆ ವರ್ಷವೇ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಮೊದಲನೆಯ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು. ನಮ್ಮ ನಾಡಿನ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಲೋಕಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞರಾಗಿ, ತಮ್ಮ 102ನೆಯ ವಯಸ್ಸಿನಲ್ಲಿ, 2023ರಲ್ಲಿ, ಆ ಶಾಸ್ತ್ರದ ಅಂತರರಾಷ್ಟ್ರೀಯ ಪಾರಿತೋಷಕವನ್ನು ಪಡೆದರು. ಬೆಳಗಿನ ಜಾವದಲ್ಲಿ ತಮ್ಮನ್ನೆಬ್ಬಿಸಿ ಎಣ್ಣೆಯ ದೀಪವನ್ನು ಹಚ್ಚಿಕೊಡುತ್ತಿದ್ದ ತಾಯಿಯನ್ನು ಅವರು ತಮ್ಮ ಗ್ರಂಥವೊಂದರ ಅರ್ಪಣೆಯಲ್ಲಿ ಸ್ಮರಿಸಿದ್ದಾರೆ.

ಇನ್ನು ಕಾಲೇಜಿನಲ್ಲಿ ಕಲಿಸುವುದೇನೆಂಬುದನ್ನು ನೋಡೋಣ. ಈ ಪದವಿಯು ಬಹುಮಟ್ಟಿಗೆ ಬಿ.ಬಿ.ಎ. ತರಗತಿಯ ಒಂದು ಶಾಖೆಯಾಗಿರುತ್ತದೆ. ಮೊದಲನೆಯ ವರ್ಷದಲ್ಲಿ ಲೆಕ್ಕಪತ್ರಶಾಸ್ತ್ರ, ಅರ್ಥಶಾಸ್ತ್ರ, ಆಡಳಿತ ತತ್ತ್ವಗಳು, ಸಂಖ್ಯಾಶಾಸ್ತ್ರ ಇವುಗಳ ಬುನಾದಿಯನ್ನು ಹಾಕುವರು. ಅನಂತರ ಎಕ್ಸೆಲ್ಲಿನ ಕೋಷ್ಟಕಗಳು, ದತ್ತಾಂಶದ ಉಗ್ರಾಣದಿಂದ ಬೇಕಾದುದನ್ನು ಕೇಳಿ ಪಡೆಯುವ ಎಸ್‌ಕ್ಯೂಎಲ್ ಭಾಷೆ, ಗಣನೆಗೆ ಉಪಯುಕ್ತವಾದ ಪೈಥಾನ್ ಅಥವಾ ಆರ್, ಅಂಕೆಗಳನ್ನು ಚಿತ್ರರೂಪದಲ್ಲಿ ತೋರಿಸುವ ಕಲೆ, ಬೇಡಿಕೆಯನ್ನು ಮುಂದಾಗಿ ಅಂದಾಜು ಮಾಡುವ ವಿಧಾನ ಇವು ಬರುತ್ತವೆ. ಕೊನೆಯಲ್ಲಿ ಯಾವುದಾದರೊಂದು ಸಂಸ್ಥೆಯಲ್ಲಿ ಕೆಲವು ವಾರ ಕೆಲಸ ಮಾಡಿ ವರದಿಯನ್ನು ಒಪ್ಪಿಸಬೇಕು. ಹೊರಗಿನವರು ಊಹಿಸುವಷ್ಟು ಸಮಯವು ಸೂತ್ರಗಳಿಗೆ ಹೋಗುವುದಿಲ್ಲ. ಅಕ್ಷರದೋಷದಿಂದ ಒಂದೇ ಹೆಸರು ಎರಡಾಗಿರುವುದು, ತಾರೀಖು ತಪ್ಪಿರುವುದು, ಕಾಲಮುಗಳು ಖಾಲಿಯಾಗಿರುವುದು ಇತ್ಯಾದಿಗಳನ್ನು ತಿದ್ದಿ ಶುದ್ಧಗೊಳಿಸುವುದರಲ್ಲಿಯೇ ಬಹಳ ಹೊತ್ತು ಕಳೆಯುತ್ತದೆ. ಅಕ್ಕಿಯನ್ನು ಆರಿಸಿ ಕಲ್ಲು ತೆಗೆದಲ್ಲದೆ ಅನ್ನಕ್ಕೆ ಇಡಬಾರದೆಂಬುದನ್ನು ಬಲ್ಲ ಹುಡುಗಿಯರಿಗೆ ಈ ತಾಳ್ಮೆಯು ಹೊಸದಲ್ಲ.

ನಮ್ಮ ರಾಜ್ಯದಲ್ಲಿ ಈ ಪದವಿಯನ್ನು ಕಲಿಸುವ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯವು ಒಂದು. ಇದು ಕಾರ್ಮೆಲೀಯ ಪಾದ್ರಿಗಳಿಂದ 1969ರಲ್ಲಿ ಕಾಲೇಜಾಗಿ ಆರಂಭವಾಗಿ 2008ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಎಲ್ಲ ಮತದ ವಿದ್ಯಾರ್ಥಿಗಳೂ ಅಲ್ಲಿ ಓದುತ್ತಾರೆ. ವ್ಯಾಸಂಗಕ್ಕಾಗಿ ಹೆಣ್ಣುಮಕ್ಕಳು ಊರು ಬಿಟ್ಟು ಹೋಗುವುದು ನಮ್ಮಲ್ಲಿ ಹೊಸ ವಿಷಯವೂ ಅಲ್ಲ: ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿಯೂ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿಯೂ ಸ್ತ್ರೀಯರಿಗಾಗಿಯೇ ಬಾಗಿಲು ತೆರೆದುವು. ಬಿ.ಬಿ.ಎ. ಮುಂತಾದ ತರಗತಿಗಳು 2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದಿರುವುದರಿಂದ, ಯಾವ ಕಾಲೇಜೇ ಆಗಲಿ, ಅದರ ಅನುಮತಿಯಿದೆಯೇ ಎಂದು ಪೋಷಕರು ವಿಚಾರಿಸತಕ್ಕದ್ದು.

ಆದರೆ ಆರಿಸಿಕೊಳ್ಳುವ ಕಾಲವು ಪದವಿಗೆ ಸೇರುವಾಗ ಬರುವುದಲ್ಲ; ನಮ್ಮ ಶಾಲೆಯನ್ನು ಬಿಡುವಾಗಲೇ ಬರುತ್ತದೆ. ಪಿ.ಯು.ಸಿ.ಯ ವಾಣಿಜ್ಯ ವಿಭಾಗದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಜೊತೆಗೆ ಇತಿಹಾಸವನ್ನೋ, ಸಂಖ್ಯಾಶಾಸ್ತ್ರವನ್ನೋ, ಗಣಕ ವಿಜ್ಞಾನವನ್ನೋ ತೆಗೆದುಕೊಳ್ಳಬಹುದು. ಈ ದಾರಿಯನ್ನು ಹಿಡಿಯುವ ಹುಡುಗಿಗೆ ಸಂಖ್ಯಾಶಾಸ್ತ್ರ ಅಥವಾ ಗಣಕ ವಿಜ್ಞಾನವಿರುವ ಸಂಯೋಜನೆಯೇ ಲೇಸು. ವಿಜ್ಞಾನ ವಿಭಾಗದವರಿಗೆ ಗಣಿತವು ಸಹಾಯಕವಾಗುತ್ತದೆ. ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಪಾಠವನ್ನು "ಅಂಕ ಸಿಕ್ಕಿದರೆ ಸಾಕು" ಎಂದು ದಾಟಿಬಿಡದೆ ಮನಸ್ಸಿಟ್ಟು ಮಾಡಬೇಕೆಂದು ಈಗಿನ ವಿದ್ಯಾರ್ಥಿನಿಯರಿಗೆ ನಮ್ಮ ಬುದ್ಧಿವಾದ.

ವೆಚ್ಚದ ಮಾತನ್ನು ಮರೆಮಾಚಬಾರದು. ಖಾಸಗಿ ಸಂಸ್ಥೆಗಳ ಶುಲ್ಕಕ್ಕೆ ವಿದ್ಯಾರ್ಥಿನಿಲಯದ ವೆಚ್ಚವೂ ಸೇರಿದರೆ ಸಾಧಾರಣ ಸಂಸಾರಕ್ಕೆ ಅದು ದೊಡ್ಡ ಹೊರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿಯೂ ಸಲ್ಲುತ್ತದೆ. ಕಾಲೇಜನ್ನು ಸೇರುವ ಮುನ್ನ ಮೂರು ವರ್ಷದ ಒಟ್ಟು ವೆಚ್ಚವೆಷ್ಟು, ಪಾಠ ಹೇಳುವವರಲ್ಲಿ ಸಂಖ್ಯಾಶಾಸ್ತ್ರ ಬಲ್ಲವರೆಷ್ಟು ಮಂದಿ, ಹಿಂದಿನ ವರ್ಷ ತೇರ್ಗಡೆಯಾದವರಲ್ಲಿ ಎಷ್ಟು ಮಂದಿಗೆ ಯಾವ ಕೆಲಸ ದೊರೆಯಿತು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಸಂಬಳದ "ಸರಾಸರಿ"ಯನ್ನು ಮಾತ್ರ ಹೇಳಿದರೆ ನಮ್ಮ ಅಡಿಕೆಯ ಲೆಕ್ಕವನ್ನು ನೆನೆದು ಮಧ್ಯಾಂಕವನ್ನು ಕೇಳಿರಿ. ಹೊರಗೆ ಕಳುಹಿಸಲು ಅನುಕೂಲವಿಲ್ಲದವರು ನಿರಾಶರಾಗಬೇಕಾಗಿಲ್ಲ. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ ಇದೆ. ಅದಕ್ಕೆ ಸೇರಿದ ಇಲ್ಲಿನ ಕಾಲೇಜುಗಳಲ್ಲಿ ಬಿ.ಕಾಂ. ಓದುತ್ತಲೇ, ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಮಂದಿರವೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಶುಲ್ಕವಿಲ್ಲದೆ ಮನೆಯಲ್ಲಿ ಕೇಳಿ, ಮುಂದೆ ಸ್ನಾತಕೋತ್ತರ ಮಟ್ಟದಲ್ಲಿ ವಿಶ್ಲೇಷಣೆಯನ್ನು ಕಲಿಯಬಹುದು.

ಯಂತ್ರಗಳೇ ಲೆಕ್ಕ ಮಾಡಿ ಚಿತ್ರ ಬಿಡಿಸುವ ಈ ಕಾಲದಲ್ಲಿ ಇದನ್ನು ಕಲಿತು ಫಲವೇನೆಂದು ಕೆಲವರು ಕೇಳುತ್ತಾರೆ. ಗುಂಡಿಯನ್ನು ಒತ್ತುವುದನ್ನಷ್ಟೇ ಕಲಿತವಳಿಗೆ ಭಯವುಂಟೆಂಬುದು ನಿಜ. ಆದರೆ ಯಂತ್ರವು ಕೊಟ್ಟ ಉತ್ತರವನ್ನು ಸಂದೇಹಿಸಬಲ್ಲವರು ಬೇಕೇ ಬೇಕು. ಬ್ಯಾಂಕೊಂದು ಹಳೆಯ ಸಾಲದ ಕಡತಗಳನ್ನು ಯಂತ್ರಕ್ಕೆ ಕಲಿಸಿತೆಂದು ಭಾವಿಸಿರಿ. ಆ ಕಡತಗಳಲ್ಲಿ ಸ್ವಂತ ಹೆಸರಿನಲ್ಲಿ ಸಾಲ ಪಡೆದ ಹೆಂಗಸರೇ ವಿರಳವಾಗಿದ್ದರೆ, ಹೆಂಗಸರಿಗೆ ಸಾಲ ಕೊಡುವುದು ವಾಡಿಕೆಯಲ್ಲವೆಂದು ಯಂತ್ರವು ತೀರ್ಮಾನಿಸಬಹುದು. ಅದು ಹಳೆಯ ಅನ್ಯಾಯವನ್ನೇ ಹೊಸ ಶಾಸ್ತ್ರವೆಂದು ಮರಳಿ ಕೊಟ್ಟಂತೆ. ಆ ಮೇಜಿನ ಮುಂದೆ ತಿಳಿದ ಹೆಣ್ಣುಮಗಳೊಬ್ಬಳು ಕುಳಿತಿದ್ದು "ಈ ಕಡತದಲ್ಲಿ ಯಾರು ಬಿಟ್ಟುಹೋಗಿದ್ದಾರೆ?" ಎಂದು ಕೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಹಾಗೆಯೇ ಜನರ ಗುಟ್ಟನ್ನು ಕಾಯುವುದೂ ಈ ವೃತ್ತಿಯ ಧರ್ಮ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿಯೇ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿತು. ಜನರ ವೈಯಕ್ತಿಕ ವಿವರಗಳ ರಕ್ಷಣೆಗೆ 2023ರಲ್ಲಿ ಶಾಸನವೂ ಆಯಿತು.

ಒಟ್ಟಿನಲ್ಲಿ ಹೇಳುವುದಾದರೆ, ಲೆಕ್ಕದಲ್ಲಿ ಆಸಕ್ತಿಯೂ, ಏಕೆಂದು ಕೇಳುವ ಸ್ವಭಾವವೂ, ಕಂಡ ಸತ್ಯವನ್ನು ಯಜಮಾನನಿಗೆ ಅಪ್ರಿಯವಾದರೂ ವಿನಯದಿಂದ ಹೇಳುವ ಧೈರ್ಯವೂ ಇರುವ ಹುಡುಗಿಗೆ ಈ ವಿದ್ಯೆಯು ಯೋಗ್ಯವಾದುದು. ಇವು ಇಲ್ಲದವಳನ್ನು ನೆರೆಮನೆಯವರ ಮಾತಿಗಾಗಿ ಇದಕ್ಕೆ ಸೇರಿಸುವುದು ಸರ್ವಥಾ ಸಲ್ಲದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬ್ಯಾಂಕು, ಲೆಕ್ಕಪರಿಶೋಧನೆ, ಗಣಕ ಮೊದಲಾದ ಕೆಲಸಗಳಲ್ಲಿ ಇರುವವರು ವರ್ಷಕ್ಕೆ ಒಂದು ಮಧ್ಯಾಹ್ನವಾದರೂ ಶಾಲೆಗೆ ಬಂದು ಹತ್ತನೆಯ ತರಗತಿಯ ಮಕ್ಕಳೊಡನೆ ತಮ್ಮ ಕೆಲಸದ ವಿಷಯವಾಗಿ ಮಾತನಾಡಬೇಕೆಂದು ಕೋರುತ್ತೇವೆ. ಕಾಲೇಜಿನ ವಿವರಣಪತ್ರಿಕೆಯು ಹೇಳದ ಸಂಗತಿಗಳನ್ನು ಅವರು ಹೇಳಬಲ್ಲರು. ಪೋಷಕರೂ ಅಂದು ಬಂದು ತಮ್ಮ ಸಂದೇಹಗಳನ್ನು ಕೇಳಿ ಪರಿಹರಿಸಿಕೊಳ್ಳಬಹುದು.