ಒಂಟಿ ಚಾರಣಕ್ಕೆ ಎಂಥ ಪಾತ್ರೆ?

ಹಿಮಾಲಯದ ಚಾರಣ ಮುಗಿಸಿ ಬಂದ ಕಾಲೇಜು ಹುಡುಗನೊಬ್ಬ ಭೇದಿಯಿಂದ ಬಸವಳಿದು ನನ್ನ ದವಾಖಾನೆಗೆ ಬಂದಿದ್ದ. ಏನು ತಿಂದೆ, ಏನು ಕುಡಿದೆ ಎಂದು ವಿಚಾರಿಸಿದಾಗ ವಿಷಯ ತಿಳಿಯಿತು. ಚೀಲದ ಭಾರ ಉಳಿಸಲು ಅವನು ಚಹಾ ಕುಡಿಯುವ ಒಂದು ಮಗ್ ಮಾತ್ರ ಒಯ್ದಿದ್ದ. ದಿನಕ್ಕೆ ಬೇಕಾದ ನೀರನ್ನೆಲ್ಲ ಅದರಲ್ಲಿ ಕುದಿಸಲಾಗದೆ, ತೊರೆಯ ನೀರನ್ನು ಹಾಗೆಯೇ ಕುಡಿದಿದ್ದ.

ನಿಮ್ಮ ಮನೆಯಿಂದಲೂ ಯಾರಾದರೂ ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬರೇ ಹೊರಡುವವರಿದ್ದರೆ ಈ ಮಾತು ಹೇಳಿ: ಪಾತ್ರೆ ಮೊದಲು ನೀರಿಗೆ, ಆಮೇಲೆ ಅಡುಗೆಗೆ.

ಅಳತೆ ಎಷ್ಟಿರಬೇಕು?

ಒಬ್ಬರಿಗೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ಹಿಡಿಯುವ ಪಾತ್ರೆ ಸಾಕು. ತಳ ಅಗಲವಾಗಿದ್ದರೆ ಉರಿ ಹೊರಗೆ ಹೋಗಿ ವ್ಯರ್ಥವಾಗುವುದಿಲ್ಲ. ಮುಚ್ಚಳ ಇರಲೇಬೇಕು. ಅದಿದ್ದರೆ ನೀರು ಬೇಗ ಕುದಿಯುತ್ತದೆ, ಇಂಧನವೂ ಉಳಿಯುತ್ತದೆ.

ಯಾವ ಲೋಹ?

ಅಲ್ಯೂಮಿನಿಯಂ ಅಗ್ಗ, ಹಗುರ, ಬೇಗ ಕಾಯುತ್ತದೆ. ಆದರೆ ಹುಣಸೆಹಣ್ಣು, ಟೊಮೆಟೊ, ನಿಂಬೆ ಸೇರಿದ ಅಡುಗೆಯಲ್ಲಿ ಈ ಲೋಹ ಸ್ವಲ್ಪಸ್ವಲ್ಪವೇ ಕರಗುತ್ತದೆ. ನೀರು, ಗಂಜಿ, ಉಪ್ಪಿಟ್ಟಿಗೆ ಚಿಂತೆಯಿಲ್ಲ. ಹುಳಿ ಸಾರನ್ನು ಮಾತ್ರ ಅದರಲ್ಲಿ ರಾತ್ರಿಯಿಡೀ ಇಡಬೇಡಿ. ಮೂತ್ರಪಿಂಡದ ಕಾಯಿಲೆ ಇರುವವರು ಸ್ಟೀಲ್ ಆರಿಸಿಕೊಳ್ಳುವುದು ಒಳ್ಳೆಯದು. ಹಾರ್ಡ್ ಅನೊಡೈಸ್ಡ್ ಅಲ್ಯೂಮಿನಿಯಂನ ಮೇಲ್ಮೈ ಗಟ್ಟಿಯಾಗಿರುವುದರಿಂದ ಹುಳಿಯನ್ನು ಹೆಚ್ಚು ತಾಳುತ್ತದೆ. ಬೆಲೆ ತುಸು ಹೆಚ್ಚು.

ಸ್ಟೀಲ್ ಹುಳಿಗೂ ಜಗ್ಗದು, ಉಜ್ಜಿದರೂ ಸವೆಯದು. ಆದರೆ ಅಷ್ಟೇ ದಪ್ಪದ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಭಾರ. ತೆಳು ಸ್ಟೀಲ್ ಪಾತ್ರೆಯಲ್ಲಿ ತಳ ಹಿಡಿಯುವುದೂ ಬೇಗ. ಟೈಟಾನಿಯಂ ಬಲು ಹಗುರ, ಆದರೆ ದುಬಾರಿ. ನೀರು ಕಾಯಿಸಲು ಒಳ್ಳೆಯದು. ಅಡುಗೆ ಮಾತ್ರ ಅದರಲ್ಲಿ ಸುಲಭವಾಗಿ ಸೀದುಹೋಗುತ್ತದೆ.

ನಾನ್‌ಸ್ಟಿಕ್ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಡಬಾರದು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಕೆಡಲಾರಂಭಿಸಿ ಹಾನಿಕರ ಹೊಗೆ ಬಿಡುತ್ತದೆ. ಮನೆಯಲ್ಲಿರುವ ಕಲಾಯಿ ಹಾಕಿದ ಸಣ್ಣ ದೇಗಚಿಯನ್ನೂ ಒಯ್ಯಬೇಡಿ. ಅದು ಭಾರ ಮಾತ್ರವಲ್ಲ. ಕಲಾಯಿಯ ತವರ 232 ಡಿಗ್ರಿಗೆ ಕರಗುತ್ತದೆ. ಕಲಾಯಿ ಹೋದ ತಾಮ್ರದಲ್ಲಿ ಹುಳಿ ಪದಾರ್ಥ ಬೇಯಿಸಿದರೆ ವಾಕರಿಕೆ, ವಾಂತಿ ಆಗಬಹುದು.

ಕೊಳ್ಳುವಾಗ

ಚಾರಣದ ಸಾಮಾನಿನ ಅಂಗಡಿಗೇ ಹೋಗಬೇಕೆಂದಿಲ್ಲ. ಊರಿನ ಪಾತ್ರೆ ಅಂಗಡಿಯಲ್ಲಿ ತಕ್ಕಡಿ ಇರುತ್ತದೆ. ಎರಡು ಮೂರು ಪಾತ್ರೆಗಳನ್ನು ಮುಚ್ಚಳ ಸಮೇತ ತೂಗಿಸಿ ನೋಡಿ. ಒಂದು ಲೀಟರಿನ ತೆಳು ಅಲ್ಯೂಮಿನಿಯಂ ತಪ್ಪಲೆ 200 ಗ್ರಾಂ ಒಳಗೇ ಸಿಗುತ್ತದೆ. ಹಿಡಿಯಿಲ್ಲದಿದ್ದರೆ ಒಂದು ಸಣ್ಣ ಇಕ್ಕಳ ಇಟ್ಟುಕೊಳ್ಳಿ. ಒಲೆಯ ಮೇಲಿಟ್ಟು ಅಲುಗಾಡುವುದಿಲ್ಲವೇ ಎಂದು ಮನೆಯಲ್ಲೇ ಪರೀಕ್ಷಿಸಿ. ಕುದಿನೀರು ಚೆಲ್ಲಿ ಕಾಲು ಸುಟ್ಟುಕೊಂಡರೆ ಬೆಟ್ಟದ ಮೇಲೆ ಆರೈಕೆ ಮಾಡುವವರಿಲ್ಲ.

ಬಳಸುವಾಗ

ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿ. 2,000 ಮೀಟರಿಗಿಂತ ಮೇಲೆ ಮೂರು ನಿಮಿಷ ಬೇಕು, ಏಕೆಂದರೆ ಎತ್ತರಕ್ಕೆ ಹೋದಂತೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. 3,000 ಮೀಟರಿನಲ್ಲಿ ಅದು ಸುಮಾರು 90 ಡಿಗ್ರಿ. ಅಲ್ಲಿ ತೊಗರಿಬೇಳೆ ಬೇಯಿಸಲು ಹೋದರೆ ಇಂಧನ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಅರೆಬೆಂದದ್ದು ಹೊಟ್ಟೆಗೆ ಭಾರ. ಹುರಿದ ರವೆ, ಅವಲಕ್ಕಿ, ಶಾವಿಗೆ ಒಯ್ಯಿರಿ.

ಚಳಿ ಎಂದು ಡೇರೆ ಮುಚ್ಚಿ ಒಳಗೆ ಒಲೆ ಹಚ್ಚಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗಬಹುದು. ಗ್ಯಾಸ್ ಡಬ್ಬಿಯನ್ನು ರೈಲು, ವಿಮಾನದಲ್ಲಿ ಒಯ್ಯುವಂತಿಲ್ಲ, ಚಾರಣದ ಊರಿನಲ್ಲೇ ಕೊಳ್ಳಿ. ಕಾಡಿನಲ್ಲಿ ಒಲೆ ಹಚ್ಚುವ ಮೊದಲು ಅರಣ್ಯ ಇಲಾಖೆಯ ನಿಯಮ ಕೇಳಿಕೊಳ್ಳಿ. ನಿಷೇಧವಿದ್ದರೆ ಮನೆಯ ಬುತ್ತಿಯೇ ಸರಿ.

ಪಾತ್ರೆಯನ್ನು ತೊರೆಯೊಳಗೆ ತೊಳೆಯಬೇಡಿ, ಕೆಳಗಿನ ಹಳ್ಳಿಯವರು ಕುಡಿಯುವುದು ಅದೇ ನೀರು. 60 ಮೀಟರಿನಷ್ಟು ದೂರ ಹೋಗಿ ತೊಳೆದು, ಕೊನೆಗೆ ಕುದಿನೀರು ಹಾಕಿ ಕುಲುಕಿ ಚೆಲ್ಲಿ, ಒಣಗಿಸಿ ಇಡಿ.

ಆ ಹುಡುಗ ಮತ್ತೊಮ್ಮೆ ಹೊರಡುವ ಮುಂಚೆ ತನ್ನ ಹೊಸ ತಪ್ಪಲೆಯನ್ನು ತಂದು ತೋರಿಸಿದ. ಮುಚ್ಚಳ ತೆಗೆದು ನೋಡಿದೆ, ಒಳಗೆ ಓಆರ್‌ಎಸ್ ಪೊಟ್ಟಣಗಳನ್ನೂ ಇಟ್ಟುಕೊಂಡಿದ್ದ.