ನಿಮಗಿದು ಗೊತ್ತೆ? ಫ್ರೆಂಚಿನಲ್ಲಿ ಕಲಿತರೂ ಇಂಗ್ಲಿಷ್ ಕೆಡಲಿಲ್ಲ

ಕೆನಡಾದ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಒಂದು ಶಿಶುವಿಹಾರ ಶುರುವಾಯಿತು. ಮಕ್ಕಳ ಮನೆಮಾತು ಇಂಗ್ಲಿಷ್, ಟೀಚರ್ ಆಡುತ್ತಿದ್ದುದು ಬರೀ ಫ್ರೆಂಚ್. ಮಗು ಇಂಗ್ಲಿಷಿನಲ್ಲಿ ಕೇಳಿದರೆ ಗದರಿಕೆಯಿಲ್ಲ, ಉತ್ತರ ಮಾತ್ರ ಫ್ರೆಂಚಿನಲ್ಲೇ. ಪಟ್ಟು ಹಿಡಿದು ಇದನ್ನು ಆಗುಮಾಡಿಸಿದ್ದು ಪೋಷಕರು, ಸರ್ಕಾರವಲ್ಲ. ಒಂದನೇ ತರಗತಿ ಮುಗಿದಾಗ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಹಿಂದೆ ಬಿದ್ದದ್ದು ನಿಜ. ಆದರೆ ಇಂಗ್ಲಿಷ್ ಪಾಠ ಆರಂಭವಾದ ಮೇಲೆ ಬೇಗನೆ ಸರಿಸಮಕ್ಕೆ ಬಂದರು. ಫ್ರೆಂಚಿನಲ್ಲಿ ಕಲಿತ ಲೆಕ್ಕವನ್ನು ಇಂಗ್ಲಿಷಿನಲ್ಲೂ ಬಿಡಿಸಿದರು. ಕೂಡುವುದು ಕಳೆಯುವುದಕ್ಕೆ ಭಾಷೆಯ ಹಂಗೆಲ್ಲಿ! ಮೆಕ್‌ಗಿಲ್ ವಿಶ್ವವಿದ್ಯಾಲಯದ ವಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ವರ್ಷಗಟ್ಟಲೆ ಪರೀಕ್ಷಿಸಿ, 1972ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಫಲಿತಾಂಶವಿದು.

ಇವರೆಲ್ಲ ಅನುಕೂಲಸ್ಥರ ಮಕ್ಕಳಲ್ಲವೇ ಎಂದರೆ, ಹೋಲಿಕೆಗೆ ಆರಿಸಿದ್ದೂ ಅಂಥದೇ ಮನೆಗಳ ಮಕ್ಕಳನ್ನು. ಫ್ರೆಂಚಾದರೂ ಪೂರ್ತಿ ದಕ್ಕಿತೇ? ಕೇಳಿ ಅರ್ಥಮಾಡಿಕೊಳ್ಳುವುದು ಚೆನ್ನಾಗಿ ಬಂತು. ಮಾತಿನಲ್ಲಿ, ವ್ಯಾಕರಣದಲ್ಲಿ ಕೊರತೆ ಉಳಿಯಿತು. ಮನೆಮಾತು ಕೆಡುವುದಿಲ್ಲವಾದರೆ ನಮ್ಮ ಮಕ್ಕಳನ್ನೂ ಮೊದಲ ದಿನದಿಂದಲೇ ಇಂಗ್ಲಿಷಿಗೆ ದೂಡಬಹುದಲ್ಲ ಎನ್ನುವವರು ಲ್ಯಾಂಬರ್ಟ್ ಎತ್ತಿದ ವ್ಯತ್ಯಾಸವನ್ನು ಮರೆಯುತ್ತಾರೆ. ಅಲ್ಲಿನ ಮನೆಮಾತು ಅಂಗಡಿ, ಟಿವಿ, ಕಚೇರಿಗಳಲ್ಲೆಲ್ಲ ಮೆರೆಯುತ್ತಿದ್ದ ಇಂಗ್ಲಿಷ್. ಅದರ ಮೇಲೆ ಫ್ರೆಂಚ್ ಸೇರಿತಷ್ಟೆ. ಬಲಹೀನ ಸ್ಥಾನದ ಭಾಷೆಯನ್ನು ಶಾಲೆಯೂ ಕೈಬಿಟ್ಟರೆ, ಎರಡನೆಯದು ಸೇರುವುದು ಮೊದಲನೆಯದನ್ನು ಕಳೆದೇ.