ಟ್ರಕ್ಕಿನ ಚಾಸಿಯ ಮೇಲೆ ಕಾರಿನ ಬಾಡಿ: ಕೌಶಲವೊಂದೇ ಸಾಲದು

ಮಳೆಗಾಲ ಆರಂಭವಾಯಿತೆಂದರೆ ಕುಂದಗೋಳ ತಾಲೂಕಿನ ಸಂಶಿಯ ಸುತ್ತಲಿನ ಹೊಲದ ದಾರಿಗಳಲ್ಲಿ ಕಾರು ಓಡಿಸುವುದು ಸಾಹಸವೇ ಸರಿ. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಕೊನೆಗೆ ಗಾಲಿ ತಿರುಗದಂತೆ ಮಾಡಿಬಿಡುತ್ತದೆ. ಮೆಣಸಿನಕಾಯಿ, ಹತ್ತಿ ಬೆಳೆಯುವ ರೈತರೂ ಅವುಗಳ ವ್ಯಾಪಾರಿಗಳೂ ಓಡಾಡಲೇಬೇಕಾದ ದಾರಿಗಳಿವು. ಹೀಗಿರುವಾಗ, ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಯುವ ಹಳೆಯ ಪಿಕಪ್ ಟ್ರಕ್ಕಿನ ಚಾಸಿಯ ಮೇಲೆ ಕಾರಿನ ಬಾಡಿಯನ್ನು ಕೂರಿಸಿದರೆ ಹೇಗೆ ಎಂಬ ವಿಚಾರ ಗ್ರಾಹಕರಿಗೆ ಹೊಳೆಯುವುದು ಸಹಜ. ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಶನ್ ಕಸುಬಿನವರ ಮುಂದೆ ಇಂಥ ಬೇಡಿಕೆ ಬಂದಾಗ, ಒಪ್ಪಿಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಹಲವಿವೆ.

ಕಲ್ಪನೆ ಹೊಸದಲ್ಲ

ಸರಕು ವಾಹನದ ಚೌಕಟ್ಟಿನ ಮೇಲೆ ಪ್ರಯಾಣಿಕರ ಬಾಡಿಯನ್ನು ಕಟ್ಟಿ ಯಶಸ್ಸು ಕಂಡ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇವೆ. ಅಂದಿನ ಟೆಲ್ಕೋ ಸಂಸ್ಥೆಯು 1988ರಲ್ಲಿ ಟಾಟಾಮೊಬೈಲ್ 207 ಪಿಕಪ್ ವಾಹನವನ್ನು ಹೊರತಂದಿತು. ಅದೇ ತಳಹದಿಯ ಮೇಲೆ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್ ರೂಪುಗೊಂಡವು. ಸಿಯೆರಾದಲ್ಲಿ ನಾಲ್ಕು ಚಕ್ರ ಚಾಲನೆಯ ಮಾದರಿಯೂ ಬಂದಿತು. ಚಾಸಿಯ ಮೇಲೆ ಬಾಡಿ ಕಟ್ಟುವುದು ಧಾರವಾಡ ಜಿಲ್ಲೆಗೂ ಪರಿಚಿತ ಉದ್ಯಮವೇ. ಟಾಟಾ ಮೋಟಾರ್ಸ್ ಮತ್ತು ಬ್ರೆಜಿಲ್‌ನ ಮಾರ್ಕೊಪೋಲೊ ಸಂಸ್ಥೆಗಳು 2006ರಲ್ಲಿ ಕೈಜೋಡಿಸಿದ ಫಲವಾಗಿ ಧಾರವಾಡದಲ್ಲಿ ಬಸ್ ಬಾಡಿಗಳ ಬೃಹತ್ ಕಾರ್ಖಾನೆ ತಲೆಯೆತ್ತಿತು. ಆದರೆ ಕಾರ್ಖಾನೆಯಲ್ಲಿ ಚಾಸಿ, ಬಾಡಿ, ಬ್ರೇಕುಗಳನ್ನು ಒಂದಕ್ಕೊಂದು ಹೊಂದಿಸಿ ಪರೀಕ್ಷೆಗೆ ಒಳಪಡಿಸಿರುತ್ತಾರೆ. ಎರಡು ಹಳೆಯ ವಾಹನಗಳನ್ನು ಕೂಡಿಸುವಾಗ ಈ ಹೊಂದಾಣಿಕೆಯ ಹೊಣೆಯೆಲ್ಲ ವರ್ಕ್‌ಶಾಪಿನವರ ಹೆಗಲಿಗೆ ಬೀಳುತ್ತದೆ.

ತಾಂತ್ರಿಕ ತೊಡಕುಗಳು

ಮೊದಲನೆಯದಾಗಿ, ಮಾರುತಿ 800ರಂತಹ ಕಾರುಗಳಿಗೆ ಪ್ರತ್ಯೇಕ ಚಾಸಿಯೇ ಇರುವುದಿಲ್ಲ. ಗಟ್ಟಿಮುಟ್ಟೆಂದು ಹೆಸರಾದ ಅಂಬಾಸಿಡರ್ ಕೂಡ ಇದೇ ಜಾತಿಯದು. ಇವುಗಳಲ್ಲಿ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಎಲ್ಲವೂ ಸೇರಿ ಭಾರ ಹೊರುತ್ತವೆ. ಟ್ರಕ್ಕಿನ ಚಾಸಿಗೆ ಹೊಂದಿಸಲೆಂದು ನೆಲವನ್ನು ಕತ್ತರಿಸಿದರೆ ಬಾಡಿಯ ಬಲವೇ ಹೋಗುತ್ತದೆ. ಆದಕಾರಣ ಒಳಗೆ ಬೇರೊಂದು ಚೌಕಟ್ಟನ್ನು ಕಟ್ಟಲೇಬೇಕಾಗುತ್ತದೆ.

ಎರಡನೆಯದು ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ. ಇದು ಹೊಂದದಿದ್ದಾಗ ಚಾಸಿಯನ್ನೇ ಕತ್ತರಿಸಿ ಗಿಡ್ಡ ಮಾಡುವ ಯೋಚನೆ ಬರುತ್ತದೆ. ಆದರೆ ವೆಲ್ಡಿಂಗ್ ಶಾಖ ತಗುಲಿದ ಭಾಗದಲ್ಲಿ ಉಕ್ಕಿನ ಸತ್ವ ಕುಂದಿ, ಕಾಲಕ್ರಮದಲ್ಲಿ ಅಲ್ಲಿಯೇ ಬಿರುಕು ಕಾಣಿಸಿಕೊಳ್ಳಬಹುದು. ಚಾಸಿಯ ಉದ್ದನೆಯ ತೊಲೆಗಳ ಮೇಲಿನ ಹಾಗೂ ಕೆಳಗಿನ ಅಂಚಿಗೆ ರಂಧ್ರ ಕೊರೆಯುವುದೂ ಅಪಾಯಕಾರಿ.

ಮೂರನೆಯದಾಗಿ, ಉಬ್ಬುತಗ್ಗಿನಲ್ಲಿ ಟ್ರಕ್ಕಿನ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಬಾಡಿಯನ್ನು ರಬ್ಬರ್ ಬುಷ್‌ಗಳ ಮೇಲೆ ಕೂರಿಸದೆ ನೇರವಾಗಿ ಬೋಲ್ಟ್ ಬಿಗಿದರೆ, ಆ ತಿರುಚು ಬಾಡಿಗೆ ದಾಟಿ ಗಾಜು ಒಡೆಯುತ್ತದೆ, ಬಾಗಿಲುಗಳು ಸರಿಯಾಗಿ ಕೂಡುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಹಾಗೂ ಎರಡೂ ಪ್ರೊಪೆಲರ್ ಶಾಫ್ಟ್‌ಗಳಿಗೆ ನೆಲದಡಿ ಸಾಕಷ್ಟು ಜಾಗವಿರಬೇಕು. ಅಚ್ಚು ಮೇಲಕ್ಕೆದ್ದಾಗ ಶಾಫ್ಟ್ ಕೂಡ ಮೇಲೇಳುತ್ತದೆ ಎಂಬುದನ್ನು ಮರೆಯಲಾಗದು.

ನಾಲ್ಕನೆಯದು ಬ್ರೇಕು. ಪಿಕಪ್‌ನ ಹಿಂದಿನ ಬ್ರೇಕು, ಕಮಾನು ಪಟ್ಟಿಗಳು ಸರಕಿನ ಭಾರಕ್ಕೆಂದು ರೂಪಿತವಾದವು. ಹಗುರ ಬಾಡಿ ಕೂತಾಗ ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿಗಳು ಬೇಗನೆ ಜಾಮ್ ಆಗಿ ವಾಹನ ಅಡ್ಡ ತಿರುಗಬಹುದು. ಬಾಡಿ ಎತ್ತರಕ್ಕೇರಿದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು.

ಕಾನೂನಿನ ನಿಲುವು

ಇವೆಲ್ಲವನ್ನೂ ನಿಭಾಯಿಸಿದರೂ ದೊಡ್ಡ ಅಡ್ಡಿ ಉಳಿದೇ ಇರುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಬಾಡಿಯ ಬಗೆ, ವೀಲ್‌ಬೇಸ್, ಆಸನಗಳ ಸಂಖ್ಯೆ, ಖಾಲಿ ವಾಹನದ ತೂಕ ಇವೆಲ್ಲವೂ ನೋಂದಣಿಯ ವಿವರಗಳೇ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ನಿಲುವನ್ನೇ ಎತ್ತಿಹಿಡಿಯಿತು. ಇಂಧನ ಕಿಟ್, ಅಂಗವಿಕಲರ ಅನುಕೂಲಕ್ಕಾಗಿ ಮಾಡುವ ಮಾರ್ಪಾಡು ಮೊದಲಾದವುಗಳಿಗೆ ಷರತ್ತಿನ ಅವಕಾಶವಿದೆಯೇ ಹೊರತು, ಎರಡು ಆರ್.ಸಿ.ಗಳನ್ನು ಸೇರಿಸಿ ಒಂದು ವಾಹನ ಮಾಡಿಕೊಳ್ಳುವ ದಾರಿ ಅದರಲ್ಲಿಲ್ಲ.

2019ರ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಗೊತ್ತುಪಡಿಸಿತು. ವಾಹನ ನಿರ್ಮಾಣದ ನಿಯಮಗಳನ್ನು ಮೀರುವ ತಯಾರಕರು ಹಾಗೂ ಡೀಲರುಗಳಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಪ್ರತಿ ವಾಹನಕ್ಕೆ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಮಾಡಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಚಾಸಿಗೆ ಬಾಡಿ ಕಟ್ಟುವವರನ್ನೂ ವಾಹನ ದುರಸ್ತಿ ಮಾಡುವವರನ್ನೂ ಕಾಯ್ದೆಯ 2ನೆಯ ಕಲಮು 'ಡೀಲರ್' ಎಂದೇ ಕರೆಯುತ್ತದೆ. ಕೆಲಸ ಮಾಡಿಕೊಟ್ಟು ಕೈತೊಳೆದುಕೊಂಡೆವೆಂದು ಸುಮ್ಮನಿರುವಂತಿಲ್ಲ. ಅಪಘಾತವಾದರೆ ವಿಮಾ ಕಂಪನಿಯ ತಕರಾರು ಬೇರೆ.

ಉದ್ಯಮಕ್ಕೆ ಉಳಿದ ದಾರಿ

ಹಾಗೆಂದು ಈ ಕೌಶಲಕ್ಕೆ ಬೆಲೆಯಿಲ್ಲವೆಂದಲ್ಲ. ಕಾರ್ಖಾನೆಯಿಂದ ಬಾಡಿಯಿಲ್ಲದೆ ಹೊರಬರುವ ಹೊಸ ಚಾಸಿಗಳಿಗೆ ಬಾಡಿ ಕಟ್ಟುವುದು ಕಾನೂನು ಒಪ್ಪಿದ ಕಸುಬು. ಇದಕ್ಕೆಂದೇ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ ನಮೂನೆ 22-ಎ ಇದೆ. ಅದರ ಒಂದು ಭಾಗವನ್ನು ಚಾಸಿ ತಯಾರಕರೂ ಇನ್ನೊಂದು ಭಾಗವನ್ನು ಬಾಡಿ ಕಟ್ಟುವವರೂ ದೃಢೀಕರಿಸುತ್ತಾರೆ. ಬಸ್ಸಿನ ಬಾಡಿಗೆ ಎ.ಐ.ಎಸ್. 052, ಟ್ರಕ್ಕಿನ ಬಾಡಿಗೆ ಎ.ಐ.ಎಸ್. 093 ಎಂಬ ಮಾನದಂಡಗಳಿವೆ. ಸಣ್ಣ ಘಟಕಗಳು ಒಬ್ಬೊಬ್ಬರೇ ಈ ಮಾನ್ಯತೆಯ ವೆಚ್ಚ ಭರಿಸುವುದು ಕಷ್ಟವಾದರೂ, ಮಾನ್ಯತೆ ಪಡೆದವರಿಗೆ ಬಿಡಿಭಾಗ, ಚೌಕಟ್ಟುಗಳನ್ನು ಪೂರೈಸುವ ಅವಕಾಶ ತೆರೆದಿದೆ.

ಇನ್ನು ಹಳೆಯ ಕಾರು ಮತ್ತು ಹಳೆಯ ಪಿಕಪ್ ಎರಡನ್ನೂ ತಂದು ನಿಲ್ಲಿಸುವ ಗ್ರಾಹಕರಿಗೆ ವರ್ತಕರು ಪ್ರಾಮಾಣಿಕವಾಗಿ ಹೇಳಬಹುದಾದ ಮಾತು ಒಂದೇ: ಎರಡನ್ನೂ ಮಾರಿ, ಕಾರ್ಖಾನೆಯಲ್ಲಿಯೇ ನಾಲ್ಕು ಚಕ್ರ ಚಾಲನೆ ಹೊಂದಿ ಬಂದ ವಾಹನವೊಂದನ್ನು ದಾಖಲೆ ಪರಿಶೀಲಿಸಿ ಕೊಳ್ಳುವುದೇ ಲೇಸು. ಅದರ ದುರಸ್ತಿ ಕೆಲಸವಾದರೂ ಮುಂದೆ ಅದೇ ವರ್ಕ್‌ಶಾಪಿಗೆ ಬಂದೀತು. ಇಂದು ಬಿಟ್ಟುಕೊಟ್ಟ ಒಂದು ಆರ್ಡರಿನ ನಷ್ಟವನ್ನು ಅಂಥ ಗ್ರಾಹಕರ ನಂಬಿಕೆಯು ತುಂಬಿಕೊಡಬಲ್ಲದು.